ಥೈಮಸ್ಸನ್ನು ತೆಗೆಯಲಾಯಿತು

ಉತ್ತರ ಕೆರೊಲಿನಾದ ಒಂದು ಲ್ಯಾಬಿನಿಂದ ಬಂದ ಫ್ಯಾಕ್ಸಿನಲ್ಲಿ ಇದ್ದದ್ದು ಮೂರೇ ಸಾಲು. ನೀವು ಕಳಿಸಿದ ಇಲಿಗಳ ಥೈಮಸ್ಸಿನಲ್ಲಿ ನಮಗೆ ಬಿ ಕೋಶಗಳು ಕಾಣುತ್ತಿಲ್ಲ. ಐದು ಸಲ ನೋಡಿದೆವು. ನಿಮ್ಮ ವಿಧಾನದಲ್ಲಿ ನಮಗೆ ತಿಳಿಯದ್ದು ಏನಾದರೂ ಇದೆಯೇ? ನಮ್ಮ ಲ್ಯಾಬಿನ ಮುಖ್ಯಸ್ಥ ಅದನ್ನು ಓದಿ, ಎರಡಾಗಿ ಮಡಚಿ, ತನ್ನ ಕಾಫಿ ಕಪ್ಪಿನ ಕೆಳಗೆ ಇಟ್ಟುಕೊಂಡ. "ಪಾಪ, ಅವರಿಗೆ ಪ್ರಯೋಗ ಮಾಡುವ ಕೈ ಇಲ್ಲ," ಎಂದ. ಸುತ್ತ ನಿಂತಿದ್ದ ನಾವು ನಕ್ಕೆವು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಾನು. ಏಕೆಂದರೆ ಆ ಬಿ ಕೋಶಗಳನ್ನು ಮೊದಲು ಕಂಡವಳು ನಾನೇ.

ಕಂಡದ್ದು ಏನು ಎಂದು ಮೊದಲು ಹೇಳಬೇಕು. ದೇಹವನ್ನು ರೋಗದಿಂದ ಕಾಯುವ ಕೋಶಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಕೆಲವು ಅಲ್ಲೇ ಬೆಳೆದು ಬಿ ಕೋಶಗಳಾಗುತ್ತವೆ. ಇನ್ನು ಕೆಲವು ರಕ್ತದಲ್ಲಿ ಬಂದು, ಹೃದಯದ ಮೇಲೆ ಕೂತಿರುವ ಥೈಮಸ್ ಎಂಬ ಬಿಳಿಯ ಗ್ರಂಥಿಯನ್ನು ಹೊಕ್ಕು ಟಿ ಕೋಶಗಳಾಗುತ್ತವೆ. ಎರಡರೊಳಗೂ ಇರುವ ಡಿಎನ್‌ಎ ಒಂದೇ. ಅದರಲ್ಲಿ ಯಾವ ಪುಟವನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸುವುದು ಡಿಎನ್‌ಎ ಮೇಲೆ ಹೋಗಿ ಕೂರುವ ಕೆಲವು ಪ್ರೋಟೀನುಗಳು. ಅವಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಅಂಥ ಒಂದು ಪ್ರೋಟೀನಿನ ಹಿಂದೆ ನಮ್ಮ ಲ್ಯಾಬು ಬಿದ್ದಿತ್ತು. ಅದರ ವಂಶವಾಹಿಯನ್ನು ಕಿತ್ತುಹಾಕಿದ ಇಲಿಗಳನ್ನು, ಅಂದರೆ ನಾಕೌಟ್ ಇಲಿಗಳನ್ನು, ಎರಡು ವರ್ಷ ಕಷ್ಟಪಟ್ಟು ತಯಾರಿಸಿದ್ದೆವು. ಆ ಇಲಿಗಳ ಥೈಮಸ್ಸು ತೀರಾ ಚಿಕ್ಕದು, ಟಿ ಕೋಶಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಲ್ಲಿ ಇರಬಾರದ ಬಿ ಕೋಶಗಳು ಧಾರಾಳವಾಗಿದ್ದವು.

ಮುಖ್ಯಸ್ಥನಿಗೆ ಅಷ್ಟು ಸಾಕಾಯಿತು. "ಇದೇ ನಮ್ಮ ಸ್ಟೋರಿ!" ಎಂದು ಮೇಜು ಬಡಿದ. ಈ ಪ್ರೋಟೀನು ಇಲ್ಲದಿದ್ದರೆ ಟಿ ಆಗಬೇಕಾದ ಕೋಶ ದಾರಿ ಬದಲಿಸಿ ಬಿ ಆಗುತ್ತದೆ; ಆದ್ದರಿಂದ ಕೋಶದ ಹಣೆಬರಹ ಬರೆಯುವುದು ನಮ್ಮ ಪ್ರೋಟೀನೇ. ಆ ಕಾಲದಲ್ಲಿ ವಾಷಿಂಗ್ಟನ್ ಸುತ್ತಮುತ್ತಲಿನ ಲ್ಯಾಬುಗಳಲ್ಲಿ ಯಾರೂ ಪ್ರಯೋಗ ಮಾಡುತ್ತಿರಲಿಲ್ಲ, ಸ್ಟೋರಿ ಮಾಡುತ್ತಿದ್ದರು. ಕ್ಯಾಂಟೀನಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದೂ ಅದನ್ನೇ: ನಿನ್ನ ಸ್ಟೋರಿ ಏನು? ದೊಡ್ಡ ಪತ್ರಿಕೆಗೆ ಹೋಗುವಂಥದ್ದಾ? ನಾನು ಅದನ್ನು ಆರು ತಿಂಗಳಲ್ಲಿ ಕಲಿತೆ. ಮೈಸೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗ ಐದು ವರ್ಷ ಕಲಿತಿದ್ದ ಅನುಮಾನವನ್ನು ಮರೆಯಲು ನನಗೆ ಅದೇ ಆರು ತಿಂಗಳು ಸಾಕಾಯಿತು.

ಒಂದು ತೊಡಕು ಮೊದಲೇ ಇತ್ತು. ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿಗಳನ್ನು ಹಾಕಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸುವ ಯಂತ್ರದಲ್ಲಿ ನೋಡಿದಾಗ, ನಮ್ಮ ಬಿ ಕೋಶಗಳೆಲ್ಲ ಪೂರ್ತಿ ಬೆಳೆದವು. ಅಲ್ಲೇ ಹುಟ್ಟಿದ್ದರೆ ಎಳೆಯವು, ಅರೆಬೆಳೆದವು, ಬೆಳೆದವು ಎಲ್ಲ ಹಂತದವೂ ಇರಬೇಕಿತ್ತು. ಒಂದೇ ಒಂದು ಎಳೆಯದಿಲ್ಲ. ಹೇಳಿದೆ. "ಬೇಗ ಬೇಗ ಬೆಳೆಯುತ್ತವೆ," ಎಂದ ಮುಖ್ಯಸ್ಥ. ಅದನ್ನೂ ಸ್ಟೋರಿಗೆ ಸೇರಿಸಿಕೊಂಡ: ನಮ್ಮ ಪ್ರೋಟೀನು ಕೋಶದ ಬೆಳವಣಿಗೆಯ ವೇಗವನ್ನೂ ಹಿಡಿದಿಡುತ್ತದೆ. ನಾನು ತಲೆಯಾಡಿಸಿ ಬರೆದುಕೊಂಡೆ.

ಕೈ ಇಲ್ಲದವರಿಗೆ ಕೈ ಕಲಿಸಿ ಬರಲು ನನ್ನನ್ನು ಉತ್ತರ ಕೆರೊಲಿನಾಗೆ ಕಳಿಸುವುದೆಂದು ತೀರ್ಮಾನವಾಯಿತು. ಬರುವಾಗ ಅಲ್ಲಿಂದ ಕೆಲವು ಇಲಿ ಜೋಡಿಗಳನ್ನು ತರಬೇಕಿತ್ತು. ಅದಕ್ಕಾಗಿ ಲ್ಯಾಬಿನ ವ್ಯಾನು, ವ್ಯಾನು ಓಡಿಸಲು ನಮ್ಮ ಇಲಿಮನೆಯ ಟೆಕ್ನಿಷಿಯನ್. ಅವರು ಗದಗಿನ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಊರಲ್ಲಿ ಹನ್ನೊಂದು ವರ್ಷ ಸರ್ಕಾರಿ ಪಶುವೈದ್ಯರಾಗಿದ್ದರು. ಇಲ್ಲಿನ ಪರೀಕ್ಷೆಗಳನ್ನು ಪಾಸು ಮಾಡುವವರೆಗೆ ಅವರ ಪಶುವೈದ್ಯ ಪದವಿ, ಬಿ.ವಿ.ಎಸ್‌ಸಿ., ನಡೆಯದು. ಹಾಗಾಗಿ ಇಲಿಗಳ ಡಬ್ಬಿ ತೊಳೆಸುವುದು, ಮರಿಗಳ ಬಾಲದ ತುದಿ ಕತ್ತರಿಸಿ ಕೊಡುವುದು, ಯಾವ ಡಬ್ಬಿಯಲ್ಲಿ ಯಾವ ವಂಶ ಎಂದು ಚೀಟಿ ಅಂಟಿಸುವುದು ಅವರ ಕೆಲಸ. ಅದೇ ಕೆಲಸದ ಮೇಲೆ ಅವರ ವೀಸಾ ನಿಂತಿತ್ತು. ಹೆಂಡತಿ ಮತ್ತು ಏಳನೇ ಗ್ರೇಡಿನಲ್ಲಿ ಓದುವ ಮಗಳ ವೀಸಾ ಅವರದ್ದರ ಮೇಲೆ.

ಆ ಲ್ಯಾಬು ಏಪೆಕ್ಸ್ ಊರಿನಿಂದ ಸ್ವಲ್ಪ ಈಚೆಗೆ, ಪೈನ್ ಮರಗಳ ನಡುವೆ ಇತ್ತು. ಕೆಲಸ ಮಾಡುತ್ತಿದ್ದವಳು ಒಬ್ಬ ವಿದ್ಯಾರ್ಥಿನಿ, ನಿಧಾನದ ಹುಡುಗಿ. ಒಂದೇ ತಾಯಿಯ ಎರಡು ನಾಕೌಟ್ ಇಲಿಗಳನ್ನು ತೆಗೆದುಕೊಂಡೆವು, ಅವಳಿಗೊಂದು, ನನಗೊಂದು. ನಮ್ಮ ಟೆಕ್ನಿಷಿಯನ್ ಡಬ್ಬಿ ತಂದಿಟ್ಟು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಇಲಿ ಸತ್ತದ್ದನ್ನು ಖಚಿತಪಡಿಸಿಕೊಂಡು, ಆಲ್ಕೊಹಾಲಿನಲ್ಲಿ ತೋಯಿಸಿ, ಬೆನ್ನಡಿಯಾಗಿ ಪಿನ್ನು ಹೊಡೆದು, ಪಕ್ಕೆಲುಬಿನ ಎರಡೂ ಬದಿ ಕತ್ತರಿಸಿ, ಎದೆಗೂಡನ್ನು ಮುಚ್ಚಳದಂತೆ ಮೇಲಕ್ಕೆತ್ತಬೇಕು. ಅಲ್ಲಿಯವರೆಗೆ ಇಬ್ಬರದೂ ಒಂದೇ. ಆಮೇಲೆ ಅವಳು ಸೂಕ್ಷ್ಮದರ್ಶಕದ ಕೆಳಗೆ ಎರಡು ಸೂಜಿಮೊನೆಯ ಚಿಮಟ ಹಿಡಿದು, ಥೈಮಸ್ಸಿನ ಎರಡು ಹಾಲೆಗಳನ್ನು ಸುತ್ತಲಿನ ಪೊರೆಯಿಂದ ಬಿಡಿಸುತ್ತ ಕೂತಳು. ಇಪ್ಪತ್ತು ನಿಮಿಷ. ನಾನು ಹೃದಯದ ಮೇಲೆ ಬೆಳ್ಳಗೆ ಕಂಡದ್ದನ್ನೆಲ್ಲ ಬಾಗಿದ ಚಿಮಟದಲ್ಲಿ ಹಿಡಿದು ಒಂದೇ ಎಳೆತಕ್ಕೆ ತೆಗೆದು ಮಂಜುಗಡ್ಡೆಯ ಮೇಲಿನ ತಟ್ಟೆಗೆ ಹಾಕಿದೆ. ಒಂದೂವರೆ ನಿಮಿಷ. ಗಡಿಯಾರ ನೋಡಿಕೊಂಡೆ, ಅವಳೂ ನೋಡಲಿ ಎಂದು.

ಇಬ್ಬರೂ ಅಂಗಾಂಶವನ್ನು ಎರಡು ಒರಟು ಗಾಜಿನ ಸ್ಲೈಡುಗಳ ನಡುವೆ ಉಜ್ಜಿ, ನೈಲಾನ್ ಜಾಲರಿಯಲ್ಲಿ ಸೋಸಿ, ಬಣ್ಣ ಹಾಕಿ ಯಂತ್ರಕ್ಕೆ ಕೊಟ್ಟೆವು. ನನ್ನದರಲ್ಲಿ ಬಿ ಕೋಶಗಳು ತುಂಬಿದ್ದವು. ಅವಳದ್ದರಲ್ಲಿ ಇಲ್ಲ. ಮಾರನೆಯ ದಿನ ಮತ್ತೆ ಮಾಡಿದೆವು. ಅದೇ ಫಲ. ಒಂದೇ ತಾಯಿಯ ಇಲಿಗಳು, ಒಂದೇ ಬಣ್ಣ, ಒಂದೇ ಯಂತ್ರ. ಬೇರೆ ಇದ್ದದ್ದು ಕೈ ಒಂದೇ. ಕೈ ಬದಲಾದರೆ ಬದಲಾಗುವ ಫಲ ಇಲಿಯದ್ದೋ ಕೈಯದ್ದೋ ಎಂದು ಹತ್ತನೇ ಕ್ಲಾಸಿನ ಹುಡುಗಿಯೂ ಕೇಳುತ್ತಾಳೆ. ನಾನು ಕೇಳಲಿಲ್ಲ. ಫೋನು ಮಾಡಿ ಮುಖ್ಯಸ್ಥನಿಗೆ ಹೇಳಿದೆ. "ನೋಡಿದೆಯಾ? ನಿನ್ನ ಕೈ ಬಂಗಾರ," ಎಂದ. ಆ ಹುಡುಗಿಗೆ ಎರಡು ಸಮಾಧಾನದ ಮಾತು ಹೇಳಿ ಹೊರಟೆ.

ಇಲಿಗಳಿಗೆ ಬಿಸಿ ತಾಗಬಾರದೆಂದು ವ್ಯಾನಿನಲ್ಲಿ ಏಸಿ ಜೋರಾಗಿ ಹಾಕಿತ್ತು. ನಾನು ಕಾರ್ಡಿಗನ್ ಮೇಲೆ ಶಾಲು ಹೊದ್ದು ಕೂತಿದ್ದೆ. ರಿಚ್ಮಂಡ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತಾಗ ಅವರು ಅಲ್ಯೂಮಿನಿಯಂ ಹಾಳೆ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನಗೊಂದು ಕೊಟ್ಟರು.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ ಮತ್ತ."

"ಕೇಳಿ ಡಾಕ್ಟ್ರೇ." ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ತುಟಿಯ ಅಂಚಿನಲ್ಲಿ ನಗು ಇಟ್ಟುಕೊಂಡು.

"ಆ ಹುಡಿಗಿ ತಾಟಿನ್ಯಾಗ ಎರಡು ತುಂಡು ಇದ್ದೂರಿ. ನಿಮ್ಮ ತಾಟಿನ್ಯಾಗ ನಾಕು."

"ನಾಲ್ಕಾ? ಲೋಬ್ ಹರಿದಿರತ್ತೆ ಬಿಡಿ."

"ಹರದದ್ದಲ್ರಿ. ಹರದದ್ದಕ್ಕ ಅಂಚು ಇರತೈತಿ. ಇವು ಗುಂಡಗ ಇದ್ದೂ, ಸಾಬೂದಾಣಿ ಕಾಳಿನಂಗ. ಬಣ್ಣಾನೂ ಒಂಚೂರು ಬ್ಯಾರೆ. ಅವು ಥೈಮಸ್ ಅಲ್ರಿ. ಥೈಮಸ್ ಬಾಜೂಕಿನ ಗಂಟು. ಲಿಂಫ್ ನೋಡ್."

"ಅಷ್ಟು ದೂರದಿಂದ ನಿಮಗೆ ಹೇಗೆ ಗೊತ್ತಾಯ್ತು?"

"ಹನ್ನೊಂದು ವರ್ಷ ಕಸಾಯಿಖಾನ್ಯಾಗ ನಿಂತು ಇದನ್ನ ನೋಡೇನ್ರಿ. ಕುರಿ ಕೊಯ್ದ ಕೂಡ್ಲೆ ನಾವು ಮೊದ್ಲ ಕೈ ಹಾಕೋದು ಗಂಟಿಗೆ. ಅದು ಚಲೋ ಇದ್ರ ಮಾಂಸಕ್ಕ ಪಾಸ್ ಅಂತ ಸಿಕ್ಕಾ ಹೊಡೀತೇವಿ, ಇಲ್ಲಾಂದ್ರ ಇಲ್ಲ. ಗಂಟಿನ್ಯಾಗ ಬಿ ಸೆಲ್ ಇರೂದು ಸಹಜ ಅಲ್ರೀ?"

ಸಹಜವೇ. ಲಿಂಫ್ ನೋಡ್ ಎಂಬ ಗಂಟುಗಳು ಬೆಳೆದ ಬಿ ಕೋಶಗಳ ಬೀಡು. ಒಂದೂ ಎಳೆಯದಿಲ್ಲ, ಎಲ್ಲ ಬೆಳೆದವೇ. ನನ್ನ ತಲೆಯಲ್ಲಿ ಅದು ಆ ಕ್ಷಣವೇ ಹೊಂದಿಕೊಂಡಿತು. ಅಷ್ಟು ಸ್ಪಷ್ಟವಾಗಿ ಹೊಂದಿಕೊಂಡದ್ದರಿಂದಲೇ ಸಿಟ್ಟು ಬಂತು. ವರ್ಷಗಟ್ಟಲೆ ಡಿಎನ್‌ಎ ಅಕ್ಷರಗಳನ್ನು ಓದಿದವಳಿಗೆ ಒಬ್ಬ ಕುರಿ ಡಾಕ್ಟರು ಇಲಿಯ ಎದೆಯೊಳಗೆ ಏನಿದೆ ಎಂದು ಹೇಳಿಕೊಡುವುದೇ?

"ಡಾಕ್ಟ್ರೇ, ಇದು ಕುರಿ ಅಲ್ಲ, ನಾಕೌಟ್. ನೀವು ಇಲಿ ನೋಡ್ಕೊಳ್ಳಿ. ಡೇಟಾ ನಾನು ನೋಡ್ಕೋತೀನಿ."

"ಆತ್ರಿ," ಎಂದರು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮೇರಿಲ್ಯಾಂಡಿನ ನಮ್ಮ ಲ್ಯಾಬು ತಲುಪಿದ ಮೇಲೆ ಇಲಿಗಳನ್ನು ಒಬ್ಬರೇ ಇಳಿಸಿಕೊಂಡರು.

ಎರಡು ವಾರದ ನಂತರ ಪೇಪರನ್ನು ಒಂದು ದೊಡ್ಡ ವಿಜ್ಞಾನ ಪತ್ರಿಕೆಗೆ ಕಳಿಸಿದೆವು. ವಿಧಾನದ ಭಾಗ ಬರೆದವಳು ನಾನು. ಕಳಿಸುವ ಮುನ್ನ ಒಂದು ಮಧ್ಯಾಹ್ನ ಒಬ್ಬಳೇ ಕೂತು ಸೂಕ್ಷ್ಮದರ್ಶಕದ ಕೆಳಗೆ ಒಂದು ಇಲಿಯನ್ನು ನೋಡಬಹುದಿತ್ತು. ಒಂದು ಇಲಿ, ಒಂದು ಮಧ್ಯಾಹ್ನ. ನೋಡಲಿಲ್ಲ. ಸಮಯವಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೂರು ತಿಂಗಳಿಗೆ, ಪತ್ರಿಕೆ ನೇಮಿಸಿದ ಮೂವರು ವಿಮರ್ಶಕರ ಅಭಿಪ್ರಾಯ ಬಂತು. ಇಬ್ಬರು ಹೊಗಳಿದ್ದರು. ಮೂರನೆಯವರು ಒಂದೇ ಪ್ರಶ್ನೆ ಕೇಳಿದ್ದರು: ಥೈಮಸ್ಸಿನ ಪಕ್ಕದ ಲಿಂಫ್ ನೋಡುಗಳನ್ನು ಬಿಡಿಸಿ ಬೇರೆ ಮಾಡಲಾಗಿತ್ತೇ?

"ಯಾರೋ ಮುದುಕ. ಇನ್ನೂ ಕತ್ತರಿಯ ಕಾಲದಲ್ಲಿದ್ದಾನೆ," ಎಂದ ಮುಖ್ಯಸ್ಥ. "ಮಾಡಲಾಗಿತ್ತು ಅಂತ ಒಂದು ಸಾಲು ಸೇರಿಸಿ ಕಳಿಸಿಬಿಡು."

ಆ ಒಂದು ಸಾಲನ್ನು ಬರೆಯಲು ಕೂತೆ. ಆಗಲಿಲ್ಲ. ಪ್ರಾಮಾಣಿಕತೆಯಿಂದ ಅಲ್ಲ, ಹೆದರಿಕೆಯಿಂದ. ಕೇಳಿದವರಿಗೆ ಉತ್ತರ ಗೊತ್ತಿರಬಹುದು ಎನ್ನಿಸಿತು. ಎದ್ದು ಇಲಿಮನೆಗೆ ಹೋದೆ. ಅವರು ಚೀಟಿ ಬರೆಯುತ್ತಿದ್ದರು.

"ಡಾಕ್ಟ್ರೇ, ಅವತ್ತು ಹೇಳಿದ್ರಲ್ಲ, ಆ ಗಂಟು. ಅದನ್ನ ಖಾತ್ರಿ ಮಾಡ್ಕೊಳ್ಳೋದು ಹೇಗೆ?"

"ಯಾವತ್ರಿ?" ಎಂದರು, ತಲೆ ಎತ್ತದೆ. "ಡೇಟಾ ನೀವು ನೋಡ್ಕೋತೀನಂದ್ರಿ. ನಾ ಇಲಿ ನೋಡಾಕತ್ತೇನಿ."

ಅವರು ಇನ್ನೂ ಮೂರು ಚೀಟಿ ಬರೆದು ಮುಗಿಸಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹೇಳಿದರು:

"ಹೊಟ್ಟ್ಯಾಗಿನ ದ್ರವ ಹರದು ಬರೂದು ಆ ಗಂಟಿಗೇರಿ. ಹೊಟ್ಟ್ಯಾಗ ಮಸಿ ಚುಚ್ರಿ. ಒಂದ್ ದಿನಾ ಬಿಡ್ರಿ. ಗಂಟು ಕರ್ರಗ ಆಗತೈತಿ, ಥೈಮಸ್ ಬೆಳ್ಳಗ ಉಳೀತೈತಿ. ನನ್ನ ಮಾತು ಬ್ಯಾಡ, ಇಲೀನ ಹೇಳತೈತಿ."

ಮಸಿ ಎಂದರೆ ಚಿತ್ರ ಬರೆಯುವವರು ಬಳಸುವ ಇಂಡಿಯಾ ಇಂಕ್. ರಾಕ್ವಿಲ್‌ನ ಒಂದು ಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಕ್ಕಿತು. ಬಾಟಲಿ ನೋಡಿ ಅವರು, "ನಮ್ಮ ದೇಶದ ಹೆಸರಿಂದು ಒಂದರ ಈ ಲ್ಯಾಬಿನ್ಯಾಗ ಕೆಲಸಕ್ಕ ಬಂತ ನೋಡ್ರಿ," ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ಇಂಕನ್ನು ಉಪ್ಪುನೀರಿನಲ್ಲಿ ತೆಳುಮಾಡಿ, ಸೋಸಿ, ಮೂರು ನಾಕೌಟ್ ಇಲಿಗಳಿಗೂ ಅವುಗಳದೇ ಮೂರು ಸಾಮಾನ್ಯ ಸಹೋದರರಿಗೂ ಹೊಟ್ಟೆಯೊಳಗೆ ಚುಚ್ಚಿದರು. ಮಾರನೆಯ ದಿನ ಬೆಳಿಗ್ಗೆ ಎದೆಗೂಡು ತೆರೆದೆ.

ಬಿಳಿಯ ಚೂರಿನ ಆಚೆ ಈಚೆ ಎರಡು ಕಪ್ಪು ಚುಕ್ಕೆ. ಆರೂ ಇಲಿಗಳಲ್ಲಿ.

ನನ್ನ ಹಳೆಯ ರೀತಿಯಲ್ಲೇ ಬಾಗಿದ ಚಿಮಟದಿಂದ ಎಳೆದೆ. ತಟ್ಟೆಗೆ ನಾಲ್ಕು ತುಂಡು ಬಂದವು: ಎರಡು ಬಿಳಿ, ಎರಡು ಕಪ್ಪು. ಬೇರೆ ಬೇರೆ ಕೊಳವೆಗೆ ಹಾಕಿ ಯಂತ್ರಕ್ಕೆ ಕೊಟ್ಟೆ. ಬಿಳಿಯದರಲ್ಲಿ ಬಿ ಕೋಶಗಳಿಲ್ಲ. ಕಪ್ಪಿನಲ್ಲಿ ಬಹುಪಾಲು ಅವೇ. ಸಾಮಾನ್ಯ ಇಲಿಗಳಲ್ಲೂ ಗಂಟು ಹೀಗೇ ಬಂದಿತ್ತು. ಆದರೆ ಅವುಗಳ ಥೈಮಸ್ಸು ಎಷ್ಟು ದೊಡ್ಡದೆಂದರೆ ಗಂಟಿನ ಕೋಶಗಳು ಅದರಲ್ಲಿ ಲೆಕ್ಕಕ್ಕೆ ಸಿಗದೆ ಕರಗಿಹೋಗಿದ್ದವು. ನಾಕೌಟ್ ಇಲಿಯಲ್ಲಿ ಥೈಮಸ್ಸು ಕುಗ್ಗಿ ಗಂಟಿನಷ್ಟೇ ಆದಾಗ, ಗಂಟೇ ಥೈಮಸ್ಸಾಗಿ ಕಂಡಿತ್ತು. ನಮ್ಮ ಪ್ರೋಟೀನು ಇಲ್ಲದ ಕೋಶಗಳು ದಾರಿ ಬದಲಿಸಿರಲಿಲ್ಲ, ಟಿ ಆಗುವ ದಾರಿಯಲ್ಲಿ ಮೊದಲ ಹೆಜ್ಜೆಗೇ ನಿಂತು ಸಾಯುತ್ತಿದ್ದವು, ಅಷ್ಟೇ. ಅದೂ ತಿಳಿಯಬೇಕಾದ ಸಂಗತಿಯೇ. ಆದರೆ ನಿಂತು ಸಾಯುವುದು ಸ್ಟೋರಿಯಲ್ಲ.

ಫೋಟೋಗಳನ್ನು ಮುಖ್ಯಸ್ಥನ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದ. ಅವನ ಮೊದಲ ಪ್ರಶ್ನೆ: "ಎಷ್ಟು ಜನಕ್ಕೆ ಗೊತ್ತು?" ಎರಡನೆಯದು: "ನಿನ್ನ ನೋಟ್‌ಬುಕ್ ಎಲ್ಲಿ?"

ತಂದುಕೊಟ್ಟೆ. ಮೊದಲ ಪ್ರಯೋಗದಿಂದ ಪ್ರತಿ ಪುಟವನ್ನೂ ತಿರುವಿದ. ಎಲ್ಲ ಪುಟದಲ್ಲೂ ನನ್ನ ಅಕ್ಷರ, ಎಲ್ಲ ಪುಟದಲ್ಲೂ ಇಂಗ್ಲಿಷಿನಲ್ಲಿ ಒಂದೇ ವಾಕ್ಯ: ಥೈಮಸ್ಸನ್ನು ತೆಗೆಯಲಾಯಿತು. ವಿಜ್ಞಾನದಲ್ಲಿ 'ನಾನು' ಎಂದು ಬರೆಯಬಾರದು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅದನ್ನು ವಿನಯವೆಂದು ತಿಳಿದು ಪಾಲಿಸಿದ್ದೆ. ಕೋಶಗಳನ್ನು ತೊಳೆಯಲಾಯಿತು. ಬಣ್ಣವನ್ನು ಹಾಕಲಾಯಿತು. ಥೈಮಸ್ಸನ್ನು ತೆಗೆಯಲಾಯಿತು. ಎಲ್ಲವೂ ತಾನಾಗಿ ನಡೆದುಹೋದಂತೆ.

"ಯಾರು ತೆಗೆದರು ಅಂತ ಇಲ್ಲಿ ಎಲ್ಲೂ ಇಲ್ಲ," ಎಂದ. ದನಿಯಲ್ಲಿ ನೆಮ್ಮದಿ ಇತ್ತು. "ಪ್ರಾಣಿಗಳ ಕೆಲಸ ಮಾಡುವುದು ಟೆಕ್ನಿಷಿಯನ್."

"ಇವನ್ನು ತೆಗೆದದ್ದು ನಾನು."

"ಅದು ನನಗೆ ಕೇಳಿಸಲಿಲ್ಲ." ನೋಟ್‌ಬುಕ್ ಮುಚ್ಚಿ ನನ್ನ ಕಡೆಗೆ ಸರಿಸಿದ. "ನಿನಗೆ ಸುಳ್ಳು ಬರೆಯಲು ಹೇಳುತ್ತಿಲ್ಲ. ಏನೂ ಬರೆಯಬೇಡ ಎನ್ನುತ್ತಿದ್ದೇನೆ. ಪೇಪರ್ ಹಿಂದಕ್ಕೆ ತೆಗೆದುಕೊಳ್ಳೋಣ. ಇಂಕಿನ ಫಲ ಇಟ್ಟುಕೊಂಡು ಹೊಸದು ಬರೆಯೋಣ. ಮೊದಲ ಹೆಸರು ನಿನ್ನದೇ."

ನಾನು ನೋಟ್‌ಬುಕ್ ಎತ್ತಿಕೊಂಡು ಹೊರಬಂದೆ. 'ನಾನು' ಎಂಬ ಶಬ್ದವನ್ನು ಒಮ್ಮೆ ಆಡಿದ್ದೇ ದೊಡ್ಡದಾಯಿತು ಎಂಬಂತೆ ಇನ್ನೊಮ್ಮೆ ಆಡಲಿಲ್ಲ. ನನ್ನ ವೀಸಾ ಕೂಡ ಅವನ ಸಹಿಯ ಮೇಲೇ ನಿಂತಿತ್ತು. ಹಾಗೆ ನಿಂತಿರುವವರಿಂದ ಏನನ್ನು ಪಡೆಯಬಹುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ದಿನಕ್ಕೆ ಇಲಿಮನೆಯ ಬಾಗಿಲಲ್ಲಿ ಅವರು ಎದುರಾದರು.

"ಅಕ್ಕಾರ, ನನ್ನ ಮ್ಯಾಲೆ ಆಫೀಸಿಗೆ ಚೀಟಿ ಹೋಗೇತ್ರಿ. ಕೆಲಸದಾಗ ನಿಷ್ಕಾಳಜಿ ಅಂತ. ವೀಸಾ ಎಕ್ಸ್‌ಟೆನ್ಶನ್ ಕಾಗದ ತಡದು ಇಟ್ಟಾರ. ಸೋಮವಾರ ಕರದಾರ. ನಿಮಗೇನರ ಗೊತ್ತೈತೇನ್ರಿ?"

"ಹೌದಾ?" ಎಂದೆ. "ವಿಚಾರಿಸ್ತೀನಿ ಡಾಕ್ಟ್ರೇ."

ಈ ಎರಡು ವಾಕ್ಯಗಳನ್ನು ಮುಖ್ಯಸ್ಥನ ಯಾವ ಮಾತಿಗಿಂತಲೂ ಕೀಳು ಎಂದು ನಾನು ಎಣಿಸುತ್ತೇನೆ. ಅವನು ತಾನು ಮಾಡುವುದನ್ನು ನನ್ನ ಮುಖಕ್ಕೇ ಹೇಳಿದ್ದ; ನಾನು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಆಡಿದೆ.

ಶುಕ್ರವಾರ ಮುಖ್ಯಸ್ಥ ಪತ್ರಿಕೆಗೆ ಬರೆದ ಕಾಗದದ ಕರಡನ್ನು ನನ್ನ ಮೇಜಿನ ಮೇಲಿಟ್ಟು ಹೋದ, ತಾಂತ್ರಿಕ ಪದಗಳು ಸರಿಯಿವೆಯೇ ನೋಡು ಎಂದು. ಪೆನ್ಸಿಲ್ ಹಿಡಿದು ಓದಿದೆ. ಪೇಪರನ್ನು ಹಿಂಪಡೆಯಲಾಗುತ್ತಿದೆ. ಪ್ರಯೋಗಗಳನ್ನು ಪುನಃ ಮಾಡಲಾಯಿತು. ಇಂಕನ್ನು ಚುಚ್ಚಲಾಯಿತು. ದೋಷವನ್ನು ಕಂಡುಹಿಡಿಯಲಾಯಿತು. ಆಮೇಲೆ ಈ ವಾಕ್ಯ: ಅಂಗಾಂಶವನ್ನು ಪ್ರಾಣಿ ವಿಭಾಗದ ಟೆಕ್ನಿಷಿಯನ್‌ನಿಂದ ಸರಿಯಲ್ಲದ ರೀತಿಯಲ್ಲಿ ತೆಗೆಯಲಾಗಿತ್ತು.

ನಾನು ಆ ಲ್ಯಾಬು ಸೇರಿದ ಮೇಲೆ ಬರೆದ, ಓದಿದ, ತಿದ್ದಿದ ಯಾವ ವಾಕ್ಯದಲ್ಲೂ ಕೆಲಸ ಮಾಡಿದವರು ಇರಲಿಲ್ಲ. ಈ ವಾಕ್ಯದಲ್ಲಿ ಮೊದಲ ಬಾರಿಗೆ ಒಬ್ಬರು ಬಂದಿದ್ದರು, ಅದೂ ಆ ಕೆಲಸ ಮಾಡದವರು. ಇಂಕು ಚುಚ್ಚಿದ ಕೈ ಅವರದ್ದು, ಅಲ್ಲಿ ಅವರಿಲ್ಲ. ಚಿಮಟ ಹಿಡಿದ ಕೈ ನನ್ನದು, ಅಲ್ಲಿ ಅವರಿದ್ದಾರೆ. ಪೆನ್ಸಿಲ್ ಕೆಳಗಿಟ್ಟೆ. ಆ ಹೊತ್ತಿಗೆ ಧೈರ್ಯ ಬಂತು ಎಂದು ಬರೆಯಲಾರೆ. ಅಸಹ್ಯ ಬಂತು. ಅದು ಅವನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಇವತ್ತೂ ಬೇರೆ ಮಾಡಲು ಆಗುವುದಿಲ್ಲ.

ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ಮುಟ್ಟಲಿಲ್ಲ. ಹಳೆಯ ಪುಟಕ್ಕೆ ಹೊಸ ಶಬ್ದ ಸೇರಿಸುವುದೂ ಒಂದು ಸುಳ್ಳೇ. ಮುಂದಿನ ಖಾಲಿ ಪುಟದಲ್ಲಿ ಆ ದಿನದ ತಾರೀಖು ಹಾಕಿ ಬರೆದೆ: ಇಂತಿಂಥ ಪುಟಗಳಲ್ಲಿರುವ ಎಲ್ಲ ಇಲಿಗಳ ಥೈಮಸ್ಸನ್ನು ನಾನು ತೆಗೆದೆ. ಸೂಕ್ಷ್ಮದರ್ಶಕ ಬಳಸಲಿಲ್ಲ. ಪಕ್ಕದ ಗಂಟುಗಳನ್ನು ನಾನು ಬಿಡಿಸಲಿಲ್ಲ. ಟೆಕ್ನಿಷಿಯನ್ ಈ ಇಲಿಗಳಲ್ಲಿ ಒಂದನ್ನೂ ಕತ್ತರಿಸಿಲ್ಲ. ಸಹಿ ಹಾಕಿದೆ. ಪ್ರತಿ ಮಾಡಿಸಿ ಒಂದನ್ನು ಮುಖ್ಯಸ್ಥನಿಗೆ ಕೊಟ್ಟೆ.

ಓದಿದ. "ಈ ಲ್ಯಾಬಿನಲ್ಲಿ ನಾವು 'ನಾನು' ಅಂತ ಬರೆಯುವುದಿಲ್ಲ," ಎಂದ.

"ಇನ್ನೊಂದು ಪ್ರತಿ ಆಫೀಸಿಗೆ ಕೊಡುತ್ತೇನೆ," ಎಂದೆ.

"ನಿನ್ನ ಒಪ್ಪಂದ ಜೂನ್‌ವರೆಗೆ ಇದೆ, ಅಲ್ಲವಾ?" ಎಂದು ಕ್ಯಾಲೆಂಡರಿನ ಕಡೆ ನೋಡಿದ.

ಜೂನಿಗೆ ಅದು ಮುಗಿಯಿತು. ಜಾರ್ಜಿಯಾದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಅಟ್ಲಾಂಟಾದ ಒಂದು ಸಮ್ಮೇಳನದಲ್ಲಿ ಅವನ ಭಾಷಣವನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ನಾನು ತೆಗೆದ ಕಪ್ಪು ಚುಕ್ಕೆಗಳ ಫೋಟೋ ಗೋಡೆಯಷ್ಟು ದೊಡ್ಡದಾಗಿ ಬಂತು. ಸ್ವಂತ ಫಲವನ್ನೇ ಸಂಶಯಿಸುವ ಧೈರ್ಯ ವಿಜ್ಞಾನಿಗೆ ಇರಬೇಕು ಎಂದ. ಜನ ಚಪ್ಪಾಳೆ ತಟ್ಟಿದರು. ಸೊಗಸಾದ ಸ್ಟೋರಿ ಎಂದು ನನ್ನ ಪಕ್ಕದವರು ಹೇಳಿದರು. ಅಷ್ಟು ಮಟ್ಟಿಗೆ ಅವನು ಗೆದ್ದ, ಅದರ ಬಗ್ಗೆ ಇನ್ನು ಹೇಳಬೇಕಾದದ್ದಿಲ್ಲ.

ಹೇಳಬೇಕಾದದ್ದು ಆ ಸೋಮವಾರದ ಬಗ್ಗೆ. ಆಫೀಸು ಮೊದಲನೆಯ ಮಹಡಿಯಲ್ಲಿತ್ತು. ಹೊರಗಿನ ಬೆಂಚಿನ ಮೇಲೆ ಅವರು ಕೂತಿದ್ದರು. ಮದುವೆಗೆ ಹೊಲಿಸಿದಂತಿದ್ದ ಕಂದು ಕೋಟು, ಟೈ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ನಾನು ಒಳಗೆ ಹೋಗಿ ನನ್ನ ಹೇಳಿಕೆ ಕೊಟ್ಟೆ. ಸಿಬ್ಬಂದಿ ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು. ಎರಡು ಸಲ ಓದಿ, "ಇದು ನಿಜವಾದರೆ ಅವರ ಮೇಲಿನ ದೂರು ನಿಲ್ಲುವುದಿಲ್ಲ. ವೀಸಾದ ಕಾಗದ ಈ ವಾರವೇ ಹೋಗುತ್ತದೆ. ಇದು ಪೂರ್ತಿ ಹೇಳಿಕೆಯೇ?" ಎಂದು ಕೇಳಿದಳು. ಪೂರ್ತಿ ಎಂದೆ. ಹೊರಗೆ ಬಂದಾಗ ನನಗೆ ಹಗುರವಾಗಿತ್ತು. ಆ ಹಗುರವನ್ನು ನೆನೆದರೂ ನಾಚಿಕೆಯಾಗುತ್ತದೆ.

ಹೇಳಿಕೆಯ ಪ್ರತಿಯನ್ನು ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಚಲೋ ಆತ್ರಿ," ಎಂದರು. ಕನ್ನಡಕ ತೆಗೆದರು. "ನಾ ಹೇಳಿದ್ದು ಬರದಿಲ್ಲಲ್ರಿ?"

"ಏನು?"

"ರಿಚ್ಮಂಡಿನ್ಯಾಗ ನಾ ಹೇಳಿದ್ನೆಲ್ರಿ, ಅದು ಗಂಟು ಅಂತ. ಪೇಪರ್ ಕಳಸೂಕಿಂತ ಮೊದ್ಲ. ನೀವು ಕತ್ತರಿಸಿದ್ದು ಬರದೀರಿ. ಅದು ತಪ್ಪು ಆತು, ಮನಶ್ಯಾರಿಗೆ ಆಗತೈತಿ. ನಾ ಹೇಳಿದ್ದನ್ನ ಬಿಟ್ಟೀರಿ. ಇದನ್ನ ಓದಿದವ್ರು ಏನ್ ತಿಳೀತಾರ್ರಿ? ಕತ್ತರಿಸಿದಾಕಿನೂ ನೀವು, ಕಂಡು ಹಿಡದಾಕಿನೂ ನೀವು. ನಾ ಬರೇ ಡಬ್ಬಿ ತೊಳ್ಯಾಂವ."

ಅವರ ದನಿ ಏರಲಿಲ್ಲ. ಬರೆಯುವಾಗ ಮರೆತಿದ್ದೆ ಎಂದು 'ಮ' ಅನ್ನುವಷ್ಟು ಬಾಯಿ ತೆರೆದು ಮುಚ್ಚಿದೆ. ಮರೆತಿರಲಿಲ್ಲ. ತಪ್ಪು ಮಾಡಿದವಳು ಎಂದು ಬರೆದುಕೊಳ್ಳಲು ಸಿದ್ಧಳಿದ್ದೆ. ತಿಳಿದವರು ತಿಳಿಸಿದ ಮೇಲೂ ಅವರನ್ನು ಕೀಳಾಗಿ ಕಂಡು ಸುಮ್ಮನಾಗಿಸಿದವಳು ಎಂದು ಬರೆದುಕೊಳ್ಳಲು ಸಿದ್ಧಳಿರಲಿಲ್ಲ.

ಬಾಗಿಲು ತಟ್ಟಿ ಒಳಗೆ ಹೋದೆ. ಹೇಳಿಕೆಗೆ ಸೇರಿಸುವುದಿದೆ ಎಂದೆ. ಅಧಿಕಾರಿ ಕಾಗದ ತಿರುಗಿಸಿ ಕೊಟ್ಟಳು. ನಿಂತೇ ಬರೆದೆ: ಪೇಪರ್ ಕಳಿಸುವ ಎರಡು ವಾರ ಮೊದಲು, ನಾನು ತೆಗೆಯುತ್ತಿರುವುದು ಲಿಂಫ್ ನೋಡ್ ಎಂದು ಇವರು ನನಗೆ ಸ್ಪಷ್ಟವಾಗಿ ಹೇಳಿದರು. ಹೇಗೆ ಗುರುತಿಸಿದರೆಂದೂ ಹೇಳಿದರು. ನಾನು ಅವರ ಮಾತನ್ನು ಪರೀಕ್ಷಿಸಲಿಲ್ಲ, ಅವರು ಟೆಕ್ನಿಷಿಯನ್ ಎಂಬ ಕಾರಣಕ್ಕೆ. ಇಂಕಿನ ಪ್ರಯೋಗವನ್ನು ಯೋಚಿಸಿದವರು ಅವರು, ಮಾಡಿದವರೂ ಅವರು.

"ಅವರು ಎಂದರೆ ಯಾರು?" ಎಂದಳು ಅಧಿಕಾರಿ. "ಪೂರ್ತಿ ಹೆಸರು ಹಾಕಿ. ಸ್ಪೆಲ್ಲಿಂಗ್ ಸರಿಯಿರಲಿ, ಇದು ಕಡತಕ್ಕೆ ಹೋಗುತ್ತದೆ."

ಪೆನ್ನು ಕಾಗದದ ಮೇಲೆ ನಿಂತಿತು. ಎರಡು ವರ್ಷ ಅವರು ಕೊಟ್ಟ ಇಲಿಗಳ ಮೇಲೆ ಕೆಲಸ ಮಾಡಿದ್ದೆ, ಅವರ ಮನೆಯ ರೊಟ್ಟಿ ತಿಂದಿದ್ದೆ. ಅವರ ಅಡ್ಡಹೆಸರು ನನಗೆ ಗೊತ್ತಿರಲಿಲ್ಲ. ಡಾಕ್ಟ್ರೇ ಎಂದರೆ ಸಾಕಾಗುತ್ತಿತ್ತು.

ಕಾಗದ ಹಿಡಿದು ಹೊರಗೆ ಬಂದು ಕೇಳಿದೆ. ಅವರು ಎದ್ದು ನಿಂತರು. ಹೇಳಲಿಲ್ಲ, ಕೈ ಚಾಚಿದರು. ಪೆನ್ನು ಕೊಟ್ಟೆ. ಫೈಲಿನ ಮೇಲೆ ಕಾಗದ ಇಟ್ಟುಕೊಂಡು ಒಂದೊಂದೇ ಅಕ್ಷರವನ್ನು ಬಿಡಿಸಿ ಬರೆದರು: ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಬರೆದು, ಕಾಗದವನ್ನು ನನ್ನ ಕಡೆಗೆ ಚಾಚಿದವರು ಮತ್ತೆ ಹಿಂದಕ್ಕೆ ಎಳೆದುಕೊಂಡರು. ಹೆಸರಿನ ಮುಂದೆ ಒಂದು ಅಲ್ಪವಿರಾಮ ಹಾಕಿ, ಬಿ.ವಿ.ಎಸ್‌ಸಿ. ಎಂದು ಸೇರಿಸಿದರು.